ಒಂಬತ್ತನೆಯ ಮಹಡಿಗೆ ಯಾರೂ ಹೇಳಲಿಲ್ಲ

ದೊಡ್ಡ ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ ಮೆಟ್ಟಿಲ ಬಳಿಯ ಗೋಡೆಗೆ ಚೌಕಟ್ಟು ಹಾಕಿ ತೂಗುಬಿಟ್ಟ ಒಂದು ಕಾಗದವನ್ನು ವಾಚಕರು ಕಂಡಿರಬಹುದು. ಕಟ್ಟಡದ ನಕ್ಷೆ, ಅದರ ಮೇಲೆ ಕೆಂಪು ಬಾಣಗಳು, ಕೆಳಗೆ ನಾಲ್ಕಾರು ಸಾಲು ಬರಹ: ಗಂಟೆ ಬಾರಿಸಿದೊಡನೆ ಈ ದಾರಿಯಿಂದ ಹೊರಡಿರಿ, ಲಿಫ್ಟನ್ನು ಹತ್ತಬೇಡಿರಿ, ಹೊರಗೆ ಇಂಥ ಸ್ಥಳದಲ್ಲಿ ಸೇರಿರಿ, ಇಂಥವರ ಬಳಿ ಹೆಸರು ಹೇಳಿರಿ. ಅದನ್ನು ನಿಂತು ಓದಿದವರು ವಿರಳ. ನಾನೂ ಬಹುಕಾಲ ಓದಿದವನಲ್ಲ. ಮದುವೆಯ ಕರೆಯೋಲೆಯ ಕೊನೆಯಲ್ಲಿ ಅಚ್ಚಾಗುವ 'ಆಗಮನಾಭಿಲಾಷಿಗಳು' ಎಂಬ ಮಾತಿನಂತೆ ಅದೂ ಒಂದು ವಾಡಿಕೆಯ ಬರಹವೆಂದೇ ತಿಳಿದಿದ್ದೆ.

ಆದರೆ ಆ ಸಾಲುಗಳಿಗೆ ಒಂದು ಇತಿಹಾಸವಿದೆ. ಅವನ್ನು 1911ರ ಮಾರ್ಚ್ 25, ಶನಿವಾರ ಸಂಜೆ, ನ್ಯೂಯಾರ್ಕ್ ನಗರದಲ್ಲಿ ಅರ್ಧ ಗಂಟೆಯೊಳಗೆ ನಡೆದುಹೋದ ಒಂದು ಸಂಗತಿಯ ಜೊತೆ ಒಂದೊಂದಾಗಿ ಹೊಂದಿಸಿ ನೋಡಬಹುದು. ಅಲ್ಲಿ ಆದದ್ದು ಏನು, ಅದಕ್ಕೆ ಮುಂಚೆ ಯಾರು ಯಾರಿಗೆ ಏನು ಹೇಳಿದ್ದರು, ಆಮೇಲೆ ಸರ್ಕಾರ ಮಾಡಿದ್ದೇನು, ಮಾಡಿದ್ದು ಎಷ್ಟು ದೂರ ಉಳಿಯಿತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಆ ಕಾಲದ ಅಮೆರಿಕದಲ್ಲಿ ಹೆಂಗಸರು, ಅದರಲ್ಲೂ ಹೊಸದಾಗಿ ಕಚೇರಿ ಕೆಲಸಕ್ಕೆ ಹೋಗತೊಡಗಿದ್ದ ಹುಡುಗಿಯರು, ಲಂಗದ ಮೇಲೆ ಗಂಡಸರ ಷರಟಿನ ಮಾದರಿಯ ಒಂದು ಕುಪ್ಪಸವನ್ನು ತೊಡುತ್ತಿದ್ದರು. ಷರ್ಟ್‌ವೇಸ್ಟ್ ಎಂದು ಅದರ ಹೆಸರು. ಅದನ್ನು ಹೊಲಿಯುವ ಕಾರ್ಖಾನೆಗಳು ನ್ಯೂಯಾರ್ಕಿನಲ್ಲಿ ನೂರಾರು ಇದ್ದುವು. ಅವುಗಳಲ್ಲಿ ದೊಡ್ಡದೊಂದು ಟ್ರಯಾಂಗಲ್ ಕಂಪೆನಿ. ವಾಷಿಂಗ್ಟನ್ ಚೌಕದ ಪಕ್ಕದಲ್ಲಿ 1901ರಲ್ಲಿ ಕಟ್ಟಿ ಮುಗಿಸಿದ್ದ ಆಶ್ ಕಟ್ಟಡದ ಮೇಲಿನ ಮೂರು ಮಹಡಿಗಳು, ಎಂದರೆ ಎಂಟು, ಒಂಬತ್ತು, ಹತ್ತನೆಯವು, ಅದರ ವಶದಲ್ಲಿದ್ದುವು. (ಅಲ್ಲಿಯವರು ನೆಲದ ಮಟ್ಟವನ್ನೇ ಒಂದನೆಯ ಮಹಡಿ ಎಂದು ಎಣಿಸುತ್ತಾರೆ.) ಯಜಮಾನರು ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್. ಇಬ್ಬರೂ ರಷ್ಯದ ಕಡೆಯಿಂದ ಬರಿಗೈಯಲ್ಲಿ ವಲಸೆ ಬಂದು ಮೇಲಕ್ಕೆ ಬಂದವರು. ಕೆಲಸಗಾರರು ಸುಮಾರು 500 ಮಂದಿ. ಅವರಲ್ಲಿ ಹೆಚ್ಚಿನವರು ಪೂರ್ವ ಯೂರೋಪಿನಿಂದ ಬಂದ ಯೆಹೂದಿ ಹುಡುಗಿಯರು, ಇಟಲಿಯ ಹುಡುಗಿಯರು. ಹದಿನಾರು, ಹದಿನೇಳು, ಇಪ್ಪತ್ತರ ಪ್ರಾಯ. ಕೆಲವರಿಗೆ ಇನ್ನೂ ಇಂಗ್ಲಿಷ್ ಸರಿಯಾಗಿ ಬಾರದು.

ಬೆಂಕಿಗೆ ಜಗ್ಗದ ಕಟ್ಟಡವೆಂದು ಅದಕ್ಕೆ ಹೆಸರಿತ್ತು. ಹೆಸರು ಸುಳ್ಳಾಗಲಿಲ್ಲವೆನ್ನಬೇಕು. ಅಂದು ಒಳಗಿದ್ದುದೆಲ್ಲ ಉರಿದುಹೋದರೂ ಗೋಡೆಗಳು ನಿಂತುವು, ಇಂದಿಗೂ ನಿಂತಿವೆ.

ಕಾನೂನು ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇತ್ತು. ಆ ರಾಜ್ಯದ ಕಾರ್ಮಿಕ ಕಾಯಿದೆಯ 80ನೆಯ ಪ್ರಕರಣದಲ್ಲಿ, ಕಾರ್ಖಾನೆಯ ಬಾಗಿಲುಗಳು ಸಾಧ್ಯವಿದ್ದಲ್ಲಿ ಹೊರಕ್ಕೆ ತೆರೆಯುವಂತಿರಬೇಕು, ಕೆಲಸದ ವೇಳೆಯಲ್ಲಿ ಅವಕ್ಕೆ ಬೀಗವಾಗಲಿ ಅಗುಳಿಯಾಗಲಿ ಹಾಕಕೂಡದು ಎಂದು ಸ್ಪಷ್ಟವಾಗಿ ಬರೆದಿತ್ತು. 'ಸಾಧ್ಯವಿದ್ದಲ್ಲಿ' ಎಂಬ ಮಾತು ಬಲು ಉಪಕಾರಿ. ಆಶ್ ಕಟ್ಟಡದಲ್ಲಿ ಮೆಟ್ಟಿಲಿಗೂ ಬಾಗಿಲಿಗೂ ನಡುವೆ ಒಂದು ಹೆಜ್ಜೆಯಷ್ಟೇ ಜಾಗ. ಹೊರಕ್ಕೆ ತೆರೆದರೆ ಬಾಗಿಲು ಮೆಟ್ಟಿಲಿಗೆ ತಾಕುತ್ತಿತ್ತು. ಆದ್ದರಿಂದ ಅವನ್ನು ಒಳಕ್ಕೆ ತೆರೆಯುವಂತೆ ಮಾಡಿದರು. ಆ ಅಳತೆಯ ಕಟ್ಟಡಕ್ಕೆ ಮೂರು ಮೆಟ್ಟಿಲ ಸಾಲುಗಳು ಬೇಕಾಗಿದ್ದುವು. ಎರಡನ್ನೇ ಕಟ್ಟಿ, ಹಿಂಬದಿಯ ಗೋಡೆಗೆ ಅಂಟಿಸಿದ ಒಂದು ಸಣಕಲು ಕಬ್ಬಿಣದ ಏಣಿಯನ್ನೇ ಮೂರನೆಯದೆಂದು ಲೆಕ್ಕ ಕೊಟ್ಟರು. ನಗರದ ಅಧಿಕಾರಿಗಳು ಒಪ್ಪಿದರು.

ಬೀಗದ ವಿಚಾರ ಬೇರೆ. ಸಂಜೆ ಕೆಲಸ ಬಿಟ್ಟಾಗ ಹುಡುಗಿಯರೆಲ್ಲ ಗ್ರೀನ್ ಬೀದಿಯ ಕಡೆಯ ಬಾಗಿಲಿನಿಂದಲೇ ಹೋಗಬೇಕು. ಅಲ್ಲಿ ಒಬ್ಬರ ಹಿಂದೆ ಒಬ್ಬರು ಮಾತ್ರ ದಾಟುವಂತೆ ಹಲಗೆಯ ತಡಿಕೆ. ಕಾವಲುಗಾರನು ಪ್ರತಿಯೊಬ್ಬಳ ಕೈಚೀಲವನ್ನೂ ತೆರೆಸಿ, ಕುಪ್ಪಸದ ತುಂಡೋ ಲೇಸಿನ ಪಟ್ಟಿಯೋ ಅದರಲ್ಲಿ ಇಲ್ಲವೆಂದು ನೋಡಿಯೇ ಬಿಡುವನು. ಇನ್ನೊಂದು ಬಾಗಿಲು ವಾಷಿಂಗ್ಟನ್ ಪ್ಲೇಸ್ ಎಂಬ ಬೀದಿಯ ಕಡೆಗೆ. ಈ ತಪಾಸಣೆ ತಪ್ಪಿಸಿಕೊಂಡು ಯಾರೂ ಹೋಗಬಾರದೆಂದು ಅದಕ್ಕೆ ಬೀಗ.

ಇದಕ್ಕೂ ಎರಡು ವರ್ಷ ಹಿಂದೆ, 1909ರಲ್ಲಿ, ಕಾರ್ಖಾನೆಯನ್ನು ನೋಡಲು ಬಂದ ಅಗ್ನಿನಿವಾರಣೆಯ ತಜ್ಞನೊಬ್ಬನು, ಇಲ್ಲಿ ಇಷ್ಟು ಜನ ಇಷ್ಟು ಎತ್ತರದಲ್ಲಿದ್ದಾರೆ, ಇವರಿಗೆ ಬೆಂಕಿಯ ಕವಾಯತು ಕಲಿಸಬೇಕು ಎಂದು ಸೂಚಿಸಿದನು. ಅವನ ಸೂಚನೆಯ ಮೇಲೆ ಎಚ್. ಎಫ್. ಜೆ. ಪೋರ್ಟರ್ ಎಂಬ ಎಂಜಿನಿಯರನು ಕಂಪೆನಿಗೆ ಕಾಗದ ಬರೆದನು. ಕಾರ್ಖಾನೆಗಳಲ್ಲಿ ಕವಾಯತು ಏರ್ಪಡಿಸಿಕೊಡುವುದರಲ್ಲಿ ಪೋರ್ಟರ್ ಪಳಗಿದ ಕೈ. ಗಂಟೆ ಬಾರಿಸಿದರೆ ಯಾವ ಸಾಲು ಮೊದಲು ಏಳಬೇಕು, ಯಾವ ಬಾಗಿಲಿಗೆ ಹೋಗಬೇಕು, ಕುರ್ಚಿಗಳನ್ನು ಎಲ್ಲಿ ಸರಿಸಬೇಕು ಎಂದು ತಿಂಗಳಿಗೊಮ್ಮೆ ನಡೆದು ಕಲಿಯುವ ವಿದ್ಯೆ ಅದು. ಅದಕ್ಕೆ ಯಂತ್ರ ಬೇಡ, ಗೋಡೆ ಒಡೆಯುವುದು ಬೇಡ. ಹತ್ತು ಹದಿನೈದು ನಿಮಿಷ ಹೊಲಿಗೆ ನಿಂತೀತು, ಅಷ್ಟೆ. ಕಾಗದಕ್ಕೆ ಉತ್ತರ ಬರಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ನಗರದ ಷರ್ಟ್‌ವೇಸ್ಟ್ ಹುಡುಗಿಯರು ಇಪ್ಪತ್ತು ಸಾವಿರ ಮಂದಿ ಮುಷ್ಕರ ಹೂಡಿದರು. ಟ್ರಯಾಂಗಲ್ಲಿನವರು ಅದರಲ್ಲಿ ಮೊದಲಿಗರು. ಅನೇಕ ಕಾರ್ಖಾನೆಗಳ ಯಜಮಾನರು ಸಂಘದೊಡನೆ ಒಪ್ಪಂದಕ್ಕೆ ಬಂದರು. ಟ್ರಯಾಂಗಲ್ಲಿನ ಯಜಮಾನರು ಸಂಘವನ್ನು ಮಾತ್ರ ಒಪ್ಪಲಿಲ್ಲ. 1910ರ ನವೆಂಬರಿನಲ್ಲಿ ನದಿಯಾಚೆಯ ನ್ಯೂವಾರ್ಕಿನಲ್ಲಿ ಒಂದು ಕಾರ್ಖಾನೆಗೆ ಬೆಂಕಿ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಮಂದಿ ಹುಡುಗಿಯರು, ಹೆಂಗಸರು ಸತ್ತರು. ನ್ಯೂಯಾರ್ಕಿನ ಅಗ್ನಿಶಾಮಕ ದಳದ ಮುಖ್ಯಸ್ಥ ಎಡ್ವರ್ಡ್ ಕ್ರೋಕರ್, ನಮ್ಮ ಊರಿಗೂ ಇದೇ ಗತಿ ಬರುತ್ತದೆ ಎಂದು ಎಚ್ಚರಿಸಿದನು. ತಜ್ಞರ ಎಚ್ಚರಿಕೆಗಳಿಗೆ ಎಲ್ಲ ಊರುಗಳಲ್ಲೂ ಸಿಕ್ಕುವ ಮರ್ಯಾದೆಯೇ ಅದಕ್ಕೂ ಸಿಕ್ಕಿತು.

ಮಾರ್ಚ್ 25, ಶನಿವಾರ. ಸಂಬಳದ ದಿನ. ನಾಲ್ಕೂಮುಕ್ಕಾಲಿಗೆ ಕೆಲಸ ಬಿಡುವ ವೇಳೆ. ಅದಕ್ಕೆ ನಾಲ್ಕಾರು ನಿಮಿಷ ಮುಂಚೆ ಎಂಟನೆಯ ಮಹಡಿಯಲ್ಲಿ ಬಟ್ಟೆ ಕತ್ತರಿಸುವವರ ಮೇಜಿನ ಕೆಳಗೆ, ವಾರಗಟ್ಟಲೆ ತುಂಬಿದ್ದ ಚಿಂದಿಯ ಪೆಟ್ಟಿಗೆಯಲ್ಲಿ ಬೆಂಕಿ ಕಾಣಿಸಿತು. ಯಾರೋ ಎಸೆದ ಬೆಂಕಿಕಡ್ಡಿಯೋ ಸಿಗರೇಟಿನ ತುಂಡೋ ಇರಬೇಕು. ಬಕೆಟ್ಟಿನ ನೀರು ಎರಚಿದರು, ಆರಲಿಲ್ಲ. ಮೆಟ್ಟಿಲ ಬಳಿಯ ರಬ್ಬರಿನ ಕೊಳವೆಯನ್ನು ಎಳೆದರು, ನೀರು ಬರಲಿಲ್ಲ. ಮೇಲಿನ ತಂತಿಯಲ್ಲಿ ಸಾಲಾಗಿ ತೂಗುಹಾಕಿದ್ದ ತೆಳ್ಳನೆಯ ಕಾಗದದ ಮಾದರಿಗಳಿಗೆ ಉರಿ ಹತ್ತಿತು. ಮುಂದೆ ಅದು ಯಾರ ಕೈಗೂ ಸಿಕ್ಕಲಿಲ್ಲ.

ಎಂಟನೆಯ ಮಹಡಿಯಲ್ಲೂ ವಾಷಿಂಗ್ಟನ್ ಪ್ಲೇಸಿನ ಬಾಗಿಲು ಮುಚ್ಚಿತ್ತು. ಹುಡುಗಿಯರೆಲ್ಲ ಅದಕ್ಕೆ ಮುಗಿಬಿದ್ದರು. ಒಳಕ್ಕೆ ತೆರೆಯುವ ಬಾಗಿಲು. ಹಿಂದಿನವರು ಒತ್ತಿದಷ್ಟೂ ಭದ್ರವಾಯಿತು. ಯಂತ್ರ ರಿಪೇರಿಯವನೊಬ್ಬನು ಜನರನ್ನು ಹಿಂದಕ್ಕೆ ತಳ್ಳಿ ತಳ್ಳಿ, ಬೀಗದ ಕೈ ತಿರುಗಿಸಿ, ಹೇಗೋ ಅದನ್ನು ತೆರೆದನು. ಆ ಮಹಡಿಯವರು ಹೆಚ್ಚುಕಡಿಮೆ ಎಲ್ಲರೂ ಬದುಕಿದರು. ಬಾಗಿಲಿಗೂ ಜೀವಕ್ಕೂ ಇರುವ ನಂಟು ಅಲ್ಲಿ ಒಬ್ಬ ಮನುಷ್ಯನ ಕೈಯಲ್ಲಿತ್ತು, ಆ ಮನುಷ್ಯ ಆಗ ಅಲ್ಲಿದ್ದನು.

ಎಂಟನೆಯ ಮಹಡಿಯ ಲೆಕ್ಕಪತ್ರದ ಮೇಜಿನಿಂದ ಹತ್ತನೆಯ ಮಹಡಿಗೆ ಟೆಲಿಫೋನು ಮಾಡಿದರು. ಹತ್ತನೆಯದು ಯಜಮಾನರ ಕಚೇರಿಯ ಮಹಡಿ. ಟೆಲಿಫೋನಿನ ಕೂಡುಹಲಗೆ ಇದ್ದುದೂ ಅಲ್ಲೇ. ಒಂಬತ್ತನೆಯ ಮಹಡಿಗೆ ಮಾತು ಹೋಗಬೇಕಾದರೆ ಹತ್ತನೆಯದರ ಮೂಲಕವೇ ಹೋಗಬೇಕು. ಸುದ್ದಿ ಕೇಳಿದೊಡನೆ ಹತ್ತನೆಯ ಮಹಡಿಯವರು ಎದ್ದು ಹೊರಟರು, ಕೂಡುಹಲಗೆಯ ಬಳಿ ಯಾರೂ ಉಳಿಯಲಿಲ್ಲ. ಅಂದು ಕಚೇರಿಗೆ ಬಂದಿದ್ದ ಬ್ಲಾಂಕನ ಇಬ್ಬರು ಮಕ್ಕಳೂ ಸೇರಿ ಆ ಮಹಡಿಯವರು ತಾರಸಿಗೆ ಹತ್ತಿದರು. ಪಕ್ಕದ ಎತ್ತರದ ಕಟ್ಟಡ ನ್ಯೂಯಾರ್ಕ್ ವಿಶ್ವವಿದ್ಯಾಲಯದ್ದು. ಅಲ್ಲಿ ಕಾನೂನು ಪಾಠ ನಡೆಯುತ್ತಿತ್ತು. ಪ್ರೊಫೆಸರ್ ಸಾಮರ್ ಮತ್ತು ಅವರ ವಿದ್ಯಾರ್ಥಿಗಳು ಏಣಿಗಳನ್ನು ಇಳಿಬಿಟ್ಟು ಇವರನ್ನು ಎಳೆದುಕೊಂಡರು. ಆ ಮಹಡಿಯಲ್ಲಿದ್ದ ಸುಮಾರು 70 ಮಂದಿಯಲ್ಲಿ ಒಬ್ಬಳ ಹೊರತು ಎಲ್ಲರೂ ಉಳಿದರು.

ನಡುವೆ ಉಳಿದದ್ದು ಒಂಬತ್ತನೆಯ ಮಹಡಿ. ಎಂಟು ಉದ್ದನೆಯ ಮೇಜುಗಳು, 240 ಹೊಲಿಗೆ ಯಂತ್ರಗಳು, ಸುಮಾರು 250 ಜನ. ಮೇಜುಗಳ ಒಂದು ತುದಿ ಗೋಡೆಗೆ ತಾಗಿಕೊಂಡಿತ್ತು. ಒಂದೇ ಕಡೆಯಿಂದ ಈಚೆಗೆ ಬರಬೇಕು, ಅದೂ ಬೆನ್ನಿಗೆ ಬೆನ್ನು ತಾಗುವ ಕುರ್ಚಿಗಳ, ಬಟ್ಟೆ ತುಂಬಿದ ಬೆತ್ತದ ಬುಟ್ಟಿಗಳ ನಡುವೆ. ಇವರಿಗೆ ಯಾರೂ ಏನೂ ಹೇಳಲಿಲ್ಲ. ಕೆಲಸ ಬಿಡುವ ಗಂಟೆ ಹೊಡೆದು, ಹುಡುಗಿಯರು ಕೋಟು ಹ್ಯಾಟು ತೆಗೆದುಕೊಳ್ಳುತ್ತ, ಭಾನುವಾರದ ಮಾತಾಡುತ್ತ ಇದ್ದ ಹೊತ್ತಿನಲ್ಲಿ ಕಿಟಕಿಯ ಹೊರಗಿನಿಂದ ಜ್ವಾಲೆ ಒಳಕ್ಕೆ ಬಂದಿತು. ಅವರಿಗೆ ಬಂದ ಮೊದಲ ಸುದ್ದಿ ಅದೇ. ಕೆಳಗಿನ ಮಹಡಿಯಲ್ಲಿ ಬೆಂಕಿ ಹತ್ತಿ ಕೆಲವು ನಿಮಿಷಗಳೇ ಆಗಿದ್ದುವು. ಆ ಕೆಲವು ನಿಮಿಷಗಳು ಎಂಟನೆಯದಕ್ಕೂ ಹತ್ತನೆಯದಕ್ಕೂ ಸಿಕ್ಕಿದ್ದುವು, ಒಂಬತ್ತನೆಯದಕ್ಕೆ ಸಿಕ್ಕಲಿಲ್ಲ.

ಗ್ರೀನ್ ಬೀದಿಯ ಮೆಟ್ಟಿಲಿನಿಂದ ಮೊದಲು ಓಡಿದವರು ಉಳಿದರು. ಸ್ವಲ್ಪದರಲ್ಲೇ ಆ ದಾರಿ ಉರಿಯಿಂದ ಮುಚ್ಚಿಹೋಯಿತು. ವಾಷಿಂಗ್ಟನ್ ಪ್ಲೇಸಿನ ಬಾಗಿಲಿಗೆ ಬೀಗ, ಕೈ ಇದ್ದವನು ಅಲ್ಲಿಲ್ಲ. ಹಿಂಬದಿಯ ಕಬ್ಬಿಣದ ಏಣಿಗೆ ಹತ್ತಿದವರ ಭಾರಕ್ಕೆ, ಬಿಸಿಗೆ ಅದು ಬಾಗಿ ಗೋಡೆಯಿಂದ ಕಳಚಿ ಬಿದ್ದಿತು, ಅದರೊಡನೆ ಜನವೂ ಬಿದ್ದರು. ಜೋಸೆಫ್ ಜಿಟೊ, ಗ್ಯಾಸ್ಪರ್ ಮೊರ್ಟಿಲಾಲೊ ಎಂಬ ಇಬ್ಬರು ಇಟಾಲಿಯನ್ ಲಿಫ್ಟಿನ ಆಳುಗಳು ಉರಿಯ ನಡುವೆ ಮತ್ತೆ ಮತ್ತೆ ಮೇಲೆ ಹೋಗಿ, ತುಂಬಬಹುದಾದಕ್ಕಿಂತ ಎರಡರಷ್ಟು ಜನರನ್ನು ತುಂಬಿಕೊಂಡು ಇಳಿದರು. ಕೊನೆಗೆ ಲಿಫ್ಟಿನ ಗುಂಡಿಗೆ ಹಾರಿದವರ ಭಾರಕ್ಕೆ ಅದು ಮೇಲೇಳದಾಯಿತು. ಒಂಬತ್ತನೆಯ ಮಹಡಿಯ ಹುಡುಗಿ ರೋಸ್‌ಗೆ ಆ ಗಲಿಬಿಲಿಯಲ್ಲಿ ಒಂದು ಪ್ರಶ್ನೆ ಹೊಳೆಯಿತು: ಯಜಮಾನರು ಏನು ಮಾಡುತ್ತಿರಬಹುದು? ನೋಡೋಣವೆಂದು ಕೆಳಗೆ ಇಳಿಯುವ ಬದಲು ಮೇಲಕ್ಕೆ ಹತ್ತಿದಳು, ತಾರಸಿ ಸೇರಿದಳು, ಬದುಕಿದಳು. ಮುಂದೆ ರೋಸ್ ಫ್ರೀಡ್‌ಮನ್ ಎಂದು ಹೆಸರಾದ ಆಕೆ, ಬಾಗಿಲಿಗೆ ಬೀಗವಿರಲಿಲ್ಲವೆಂದು ಸಾಕ್ಷಿ ಹೇಳಿಸಲು ತನಗೆ ಹಣದ ಆಸೆ ತೋರಿಸಿದ್ದನ್ನು ಕೊನೆಯವರೆಗೂ ಹೇಳುತ್ತಿದ್ದಳು. 2001ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಅಗ್ನಿಶಾಮಕ ದಳ ಬೇಗನೆ ಬಂದಿತು. ಅವರ ಏಣಿಗಳು ಆರನೆಯ ಮಹಡಿಯವರೆಗೆ ಮುಟ್ಟಿದುವು. ಕಿಟಕಿಗಳಿಂದ ಜೋಡಿಜೋಡಿಯಾಗಿ ಕೈ ಹಿಡಿದು ಹಾರಿದವರ ಭಾರಕ್ಕೆ ಬಲೆಗಳು ಹರಿದುವು. ಅರ್ಧ ಗಂಟೆಯೊಳಗೆ ಬೆಂಕಿ ಹತೋಟಿಗೆ ಬಂದಿತು. ಸತ್ತವರು 146 ಮಂದಿ: 123 ಹೆಂಗಸರು, 23 ಗಂಡಸರು. ಅವರಲ್ಲಿ ಬಹುಮಟ್ಟಿಗೆ ಎಲ್ಲರೂ ಒಂಬತ್ತನೆಯ ಮಹಡಿಯವರು.

ಯಾರು ಯಾರು ಸತ್ತರು ಎಂಬುದನ್ನು ತಿಳಿಯುವುದೇ ಒಂದು ಕಷ್ಟವಾಯಿತು. ಹೆಣಗಳನ್ನು ನದೀತೀರದ ಒಂದು ಹಡಗುಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ತಾಯಂದಿರು, ಅಣ್ಣತಮ್ಮಂದಿರು ದೀಪ ಹಿಡಿದು ಒಂದೊಂದನ್ನೇ ನೋಡುತ್ತ ಹೋಗಿ ಉಂಗುರದಿಂದಲೋ, ತಾವೇ ತೇಪೆ ಹಾಕಿದ್ದ ಕಾಲುಚೀಲದಿಂದಲೋ ಗುರುತು ಹಿಡಿದರು. ಆರು ಮಂದಿಯ ಗುರುತು ಸಿಕ್ಕಲೇ ಇಲ್ಲ. ಹೆಸರಿಲ್ಲದೆ ಅವರನ್ನು ಹೂಳಿದರು. ಸಂಶೋಧಕನೊಬ್ಬನು ಹಳೆಯ ಪತ್ರಿಕೆಗಳನ್ನೂ ದಾಖಲೆಗಳನ್ನೂ ಹುಡುಕಿ ಆ ಆರು ಹೆಸರುಗಳನ್ನು ಹೇಳಿದ್ದು 2011ರಲ್ಲಿ, ಸರಿಯಾಗಿ ನೂರು ವರ್ಷದ ಮೇಲೆ. ಹೊರಗೆ ಒಂದು ಕಡೆ ಸೇರಿ ಹೆಸರು ಹೇಳಿರಿ ಎಂಬ ಗೋಡೆಯ ಕಾಗದದ ಕೊನೆಯ ಸಾಲನ್ನು ಓದುವಾಗ ನನಗೆ ಈ ಆರು ಮಂದಿ ನೆನಪಾಗುತ್ತಾರೆ.

ನ್ಯಾಯಾಲಯದ ಕಥೆಯನ್ನು ಚುಟುಕಾಗಿ ಮುಗಿಸಬಹುದು. ಯಜಮಾನರಿಬ್ಬರ ಮೇಲೂ ಮೊಕದ್ದಮೆ ಹೂಡಿದರು. ಬಾಗಿಲಿಗೆ ಬೀಗವಿತ್ತೆಂಬುದಷ್ಟೇ ಸಾಲದು, ಆ ಗಳಿಗೆಯಲ್ಲಿ ಬೀಗವಿದ್ದುದು ಇವರಿಗೆ ತಿಳಿದಿತ್ತೆಂಬುದು ಸಿದ್ಧವಾಗಬೇಕು ಎಂದಿತು ಕಾನೂನು. 1911ರ ಡಿಸೆಂಬರ್ 27ರಂದು ಇಬ್ಬರೂ ಬಿಡುಗಡೆಯಾದರು. 1914ರಲ್ಲಿ ಕೆಲವು ಕುಟುಂಬಗಳಿಗೆ ತಲೆಗೆ 75 ಡಾಲರಿನಂತೆ ಪರಿಹಾರ ಸಿಕ್ಕಿತು. ಕಂಪೆನಿಗೆ ವಿಮೆಯಿಂದ ಬಂದ ಹಣ ಆದ ನಷ್ಟಕ್ಕಿಂತ ಸುಮಾರು 60,000 ಡಾಲರ್ ಹೆಚ್ಚು. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿದದ್ದೇ ಲಾಭ ಎಂಬ ನಮ್ಮ ಗಾದೆಯನ್ನು ಮಾಡಿದವನಿಗೂ ಇಂಥ ಲಾಭ ಹೊಳೆದಿರಲಾರದು. ಇನ್ನೊಂದು ವಿಚಿತ್ರವಿದೆ. ಕೆಲಸದಲ್ಲಿ ಗಾಯವಾದವರಿಗೆ, ಸತ್ತವರ ಮನೆಯವರಿಗೆ ಪರಿಹಾರ ಕೊಡಬೇಕೆಂದು ಆ ರಾಜ್ಯ ಒಂದು ಕಾಯಿದೆ ಮಾಡಿತ್ತು. ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟದ್ದು 1911ರ ಮಾರ್ಚ್ 24ರಂದು, ಬೆಂಕಿ ಬೀಳುವ ಹಿಂದಿನ ದಿನ!

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎನ್ನುವುದುಂಟು. ನ್ಯೂಯಾರ್ಕಿನವರು ಮಾಡಬೇಕಾಗಿದ್ದುದು ಬಾಗಿಲು ಹಾಕುವುದಲ್ಲ, ತೆಗೆಯುವುದು. ಅದನ್ನು ಅವರು ಸಾಕಷ್ಟು ಶ್ರದ್ಧೆಯಿಂದಲೇ ಮಾಡಿದರೆಂದು ಒಪ್ಪಬೇಕು. 1911ರ ಜೂನ್ ಕೊನೆಯಲ್ಲಿ ರಾಜ್ಯ ಶಾಸನಸಭೆ ಕಾರ್ಖಾನೆಗಳ ತನಿಖೆಗಾಗಿ ಒಂದು ಆಯೋಗವನ್ನು ನೇಮಿಸಿತು. ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಉಪಾಧ್ಯಕ್ಷ ಆಲ್ ಸ್ಮಿತ್. ಇಬ್ಬರೂ ನಗರದ ಹಳೆಯ ರಾಜಕೀಯ ಗುಂಪಿನಲ್ಲಿ ಬೆಳೆದವರು, ಸುಧಾರಕರೆಂಬ ಹೆಸರು ಪಡೆದವರಲ್ಲ. ಆಯೋಗದ ಪರವಾಗಿ ಊರೂರು ತಿರುಗಿ ಕಾರ್ಖಾನೆಗಳನ್ನು ತೋರಿಸಿದವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಎಂಬಾಕೆಯೊಬ್ಬರು. ಬೆಂಕಿ ಬಿದ್ದ ಸಂಜೆ ಆಕೆ ವಾಷಿಂಗ್ಟನ್ ಚೌಕದ ಬಳಿ ಸ್ನೇಹಿತೆಯ ಮನೆಯಲ್ಲಿ ಚಹಾಕ್ಕೆ ಹೋಗಿದ್ದರು. ಗದ್ದಲ ಕೇಳಿ ಓಡಿಬಂದು, ಹುಡುಗಿಯರು ಕಿಟಕಿಯಿಂದ ಬೀಳುವುದನ್ನು ಕಣ್ಣಾರೆ ಕಂಡಿದ್ದರು.

ವರದಿ ಓದಿದರೆ ಮನಸ್ಸು ಕರಗದು, ಕಂಡರೆ ಕರಗೀತು ಎಂಬುದು ಪರ್ಕಿನ್ಸರ ಉಪಾಯ. ಹಗ್ಗದ ಕಾರ್ಖಾನೆಯೊಂದರ ಮುಂದೆ ಬೆಳಗಿನ ಜಾವ ಸ್ಮಿತ್ತನನ್ನು ನಿಲ್ಲಿಸಿ, ರಾತ್ರಿಯೆಲ್ಲ ದುಡಿದು ಹೊರಬರುವ ಹೆಂಗಸರನ್ನು ತೋರಿಸಿದರು. ಇನ್ನೊಂದು ಕಡೆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ, ಅದರ ಮೇಲೆ 'ಬೆಂಕಿಯ ದಾರಿ' ಎಂದು ಬರೆದ ಹಲಗೆ. ಸೆನೆಟರ್ ವ್ಯಾಗ್ನರನನ್ನೇ ಅದರೊಳಗೆ ತೂರಿಸಿದರು. ಆಚೆ ಹಿಮ ಕಟ್ಟಿದ ಒಂದು ಏಣಿ. ಅದು ನೆಲಕ್ಕೆ ಹನ್ನೆರಡು ಅಡಿ ಮೇಲೆಯೇ ಮುಗಿದಿತ್ತು. ಹೊಟ್ಟೆಯ ಮೇಲೆ ತೆವಳಿ ಇದನ್ನು ಕಂಡ ಶಾಸಕನಿಗೆ ಬೇರೆ ವಾದ ಬೇಕಾಗಲಿಲ್ಲ. ನಮ್ಮಲ್ಲಿ ಸ್ಥಳ ತನಿಖೆಗೆ ಹೋಗುವ ಸಮಿತಿಗಳಿಗೆ ಹಾರ ತುರಾಯಿಗಳ ಬದಲು ಇಂಥ ಒಂದು ಕಿಂಡಿಯನ್ನು ಸಿದ್ಧಪಡಿಸಿಡುವುದು ಒಳ್ಳೆಯದೆಂದು ತೋರುತ್ತದೆ.

ಆಯೋಗ ಮೊದಲ ವರ್ಷವೇ 1,836 ಕಾರ್ಖಾನೆಗಳನ್ನು ನೋಡಿತು, 222 ಸಾಕ್ಷಿಗಳನ್ನು ಕೇಳಿತು. ಮೂರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾಯಿದೆಗಳು ಬಂದುವು. ಮಹಡಿಯ ಮೇಲೆ 25ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಲ್ಲಿ ನಿಯತವಾಗಿ ಬೆಂಕಿಯ ಕವಾಯತು ನಡೆಯಬೇಕು, ಏಳನೆಯ ಮಹಡಿಗಿಂತ ಮೇಲೆ 200ಕ್ಕಿಂತ ಹೆಚ್ಚು ಜನವಿದ್ದರೆ ತಾನಾಗಿ ನೀರು ಸುರಿಸುವ ಕೊಳವೆಗಳಿರಬೇಕು, ಚಿಂದಿಯನ್ನು ಕೂಡಿಡಬಾರದು, ಒಳಗೆ ಹೊಗೆಬತ್ತಿ ಸೇದಬಾರದು, ಪ್ರತಿಯೊಂದು ಕಾರ್ಖಾನೆಯೂ ಸರ್ಕಾರದಲ್ಲಿ ನೋಂದಣಿಯಾಗಬೇಕು. 1909ರಲ್ಲಿ ಪೋರ್ಟರನು ಕಾಗದ ಬರೆದು ಬೇಡಿದ ಕವಾಯತು 1912ರಲ್ಲಿ ರಾಜ್ಯದ ಆಜ್ಞೆಯಾಯಿತು. ಕ್ರೋಕರನು ಅಷ್ಟರಲ್ಲಿ ದಳದ ಕೆಲಸ ಬಿಟ್ಟು, ಬೆಂಕಿ ಆರಿಸುವುದಕ್ಕಿಂತ ಬೀಳದಂತೆ ನೋಡುವುದು ಮೇಲೆಂದು, ಅಗ್ನಿನಿವಾರಣೆಯ ಒಂದು ಕಂಪೆನಿಯನ್ನೇ ತೆರೆದಿದ್ದನು. ಪರ್ಕಿನ್ಸ್ 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಮಂತ್ರಿಮಂಡಲದಲ್ಲಿ ಕಾರ್ಮಿಕ ಮಂತ್ರಿಯಾದರು. ಆ ದೇಶದ ಮೊದಲ ಮಹಿಳಾ ಮಂತ್ರಿ ಆಕೆಯೇ. ಬ್ಲಾಂಕನ ಕಥೆಯೂ ಮುಗಿದಿರಲಿಲ್ಲ. 1913ರಲ್ಲಿ ಅವನ ಹೊಸ ಕಾರ್ಖಾನೆಯಲ್ಲಿ ಕೆಲಸದ ವೇಳೆ ಬಾಗಿಲಿಗೆ ಬೀಗ ಹಾಕಿದ್ದುದು ಸಿಕ್ಕಿಬಿದ್ದು 20 ಡಾಲರ್ ದಂಡವಾಯಿತು.

ಇವೆಲ್ಲ ಒಂದು ರಾಜ್ಯದ ಕಾಯಿದೆಗಳು. ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾಯಿದೆ ಬರಲು ಇನ್ನೂ ಅರವತ್ತು ವರ್ಷ ಹಿಡಿಯಿತು. 1970ರ ಡಿಸೆಂಬರ್ 29ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಆ ಕಾಯಿದೆಯಲ್ಲಿ ರಾಜ್ಯಗಳಿಗೆ ಒಂದು ಅವಕಾಶವಿತ್ತು: ಕೇಂದ್ರದ ನಿಯಮಗಳಿಗೆ ಕಡಿಮೆಯಾಗದ ನಿಯಮಗಳನ್ನೂ ತಕ್ಕಷ್ಟು ಇನ್‌ಸ್ಪೆಕ್ಟರುಗಳನ್ನೂ ಇಟ್ಟುಕೊಳ್ಳುವುದಾದರೆ ಆ ಕೆಲಸವನ್ನು ರಾಜ್ಯವೇ ನಡೆಸಬಹುದು. 1980ರಲ್ಲಿ ಅಪಾಯಕಾಲದ ಯೋಜನೆಯ ನಿಯಮ ಹೊರಟಿತು. ಯಾವ ದಾರಿಯಿಂದ ಹೊರಡಬೇಕು. ಯಂತ್ರ ನಿಲ್ಲಿಸಲು ಹಿಂದೆ ಉಳಿಯಬೇಕಾದವರು ಯಾರು. ಹೊರಗೆ ಬಂದ ಮೇಲೆ ತಲೆ ಎಣಿಸುವವರು ಯಾರು. ಗಾಯಾಳುಗಳನ್ನು ನೋಡುವವರು ಯಾರು. ಬೆಂಕಿಯ ಸುದ್ದಿಯನ್ನು ಹೇಗೆ ತಿಳಿಸಬೇಕು. ಸಂದೇಹ ಬಂದರೆ ಕೇಳಬೇಕಾದವರು ಯಾರು. ಇಷ್ಟನ್ನೂ ಬರೆದಿಡಬೇಕು, ಹೊಸಬನು ಕೆಲಸಕ್ಕೆ ಸೇರಿದಾಗ ಅವನಿಗೆ ವಿವರಿಸಬೇಕು, ಎಲ್ಲರಿಗೂ ತಿಳಿಯುವಂಥ ಗಂಟೆ ಇರಬೇಕು. ಹತ್ತು ಮಂದಿ ಅಥವಾ ಅದಕ್ಕೂ ಕಡಿಮೆ ಇದ್ದರೆ ಬಾಯಿಮಾತಿನಲ್ಲಿ ಹೇಳಿದರೂ ಸಾಕು. ಕೂಡುಹಲಗೆ ಬಿಟ್ಟು ಎದ್ದ ಹತ್ತನೆಯ ಮಹಡಿ, ಕೈ ಇದ್ದವನಿಲ್ಲದ ಬಾಗಿಲು, ಹಡಗುಕಟ್ಟೆಯ ಮೇಲಿನ ಹೆಸರಿಲ್ಲದ ಆರು ಹೆಣ, ಎಲ್ಲವೂ ಆ ಒಣ ಭಾಷೆಯ ಹಿಂದೆ ಇವೆ.

ನಮ್ಮ ದೇಶದ 1948ರ ಫ್ಯಾಕ್ಟರಿ ಕಾಯಿದೆಯ 38ನೆಯ ಪ್ರಕರಣದಲ್ಲೂ ಮೊದಲು ಹೆಚ್ಚುಕಡಿಮೆ ಇದೇ ಮಾತಿತ್ತು: ಒಳಗೆ ಜನವಿರುವಾಗ ಬಾಗಿಲು ಒಳಗಿನಿಂದ ಥಟ್ಟನೆ ತೆರೆಯುವಂತಿರಬೇಕು, ಸರಿಸುವ ಬಾಗಿಲಲ್ಲದಿದ್ದರೆ ಹೊರಕ್ಕೆ ತೆರೆಯಬೇಕು. 1984ರ ಭೋಪಾಲದ ವಿಷಾನಿಲದ ತರುವಾಯ, 1987ರ ತಿದ್ದುಪಡಿಯಲ್ಲಿ, ಅಪಾಯಕಾರಿ ಉದ್ಯಮಗಳು ಅಪಾಯಕಾಲದ ಯೋಜನೆಯನ್ನು ಸಿದ್ಧಪಡಿಸಿ ಕೆಲಸಗಾರರಿಗೂ ಸುತ್ತಲಿನ ಜನಕ್ಕೂ ತಿಳಿಸಬೇಕೆಂದು ಸೇರಿಸಿದರು. ಕಚೇರಿಯವರು ಇದು ಫ್ಯಾಕ್ಟರಿಯವರ ಪಾಡು ಎಂದುಕೊಳ್ಳುವಂತಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿಕೊಂಡಾಗ ಸತ್ತ ಒಂಬತ್ತು ಮಂದಿಯಲ್ಲಿ ಕೆಲವರು ಕಿಟಕಿಯಿಂದಲೇ ಹಾರಿದವರು.

ಕಾಯಿದೆ ಬಂದ ಮೇಲೆ ಕಥೆ ಮುಗಿಯಬೇಕಾಗಿತ್ತು. ಆದರೆ ಅಮೆರಿಕದಲ್ಲೇ ಅದು ಇನ್ನೊಮ್ಮೆ ನಡೆಯಿತು.

ನಾರ್ತ್ ಕೆರೊಲಿನಾ ರಾಜ್ಯದ ಹ್ಯಾಮ್ಲೆಟ್ ಒಂದು ಸಣ್ಣ ಊರು. ಅಲ್ಲಿ ಇಂಪೀರಿಯಲ್ ಫುಡ್ ಎಂಬ ಕಂಪೆನಿ ಕೋಳಿಮಾಂಸವನ್ನು ಕರಿದು, ಹೋಟೆಲುಗಳಿಗೆ ಕಳಿಸುತ್ತಿತ್ತು. ಸುರಕ್ಷತೆಯ ಕೆಲಸವನ್ನು ಕೇಂದ್ರದಿಂದ ಕೇಳಿ ಪಡೆದುಕೊಂಡ ರಾಜ್ಯಗಳಲ್ಲಿ ನಾರ್ತ್ ಕೆರೊಲಿನಾ ಒಂದು. ಪುಸ್ತಕದಲ್ಲಿ ನಿಯಮಗಳು ಎಲ್ಲ ಇದ್ದುವು. ಇನ್‌ಸ್ಪೆಕ್ಟರುಗಳು ಬೆರಳೆಣಿಕೆಯಷ್ಟು, ಕಾರ್ಖಾನೆಗಳು ಸಾವಿರಾರು. ಈ ಕೋಳಿಯ ಕಾರ್ಖಾನೆ ನಡೆದ 11 ವರ್ಷಗಳಲ್ಲಿ ಸುರಕ್ಷತೆಯ ಇನ್‌ಸ್ಪೆಕ್ಟರನೊಬ್ಬನೂ ಅದರ ಹೊಸ್ತಿಲು ತುಳಿದಿರಲಿಲ್ಲ. ಮಾಂಸ ಕೆಟ್ಟಿದೆಯೋ ಇಲ್ಲವೋ ನೋಡಲು ಮಾತ್ರ ಕೃಷಿ ಇಲಾಖೆಯವನು ಬರುತ್ತಿದ್ದನು. ಬಾಗಿಲಿಗೆ ಬೀಗವಿದ್ದುದು ಅವನಿಗೂ ಗೊತ್ತಿತ್ತು. ಬೀಗಕ್ಕೆ ಕಾರಣ ನೊಣ ಒಳಗೆ ಬರಬಾರದು, ಕೋಳಿ ಹೊರಗೆ ಹೋಗಬಾರದು!

1991ರ ಸೆಪ್ಟೆಂಬರ್ 3, ಮಂಗಳವಾರ. ಹಿಂದಿನ ದಿನ ಅಮೆರಿಕದ ಕಾರ್ಮಿಕ ದಿನದ ರಜೆ. ಬೆಳಿಗ್ಗೆ ಎಂಟು ಗಂಟೆಯ ಮೇಲೆ, ಕರಿಯುವ ದೊಡ್ಡ ಬಾಣಲೆಯ ಬಳಿ ರಿಪೇರಿ ಮಾಡುತ್ತಿದ್ದ ಒಂದು ಎಣ್ಣೆಯ ಕೊಳವೆ ಕಳಚಿಕೊಂಡಿತು. ಒತ್ತಡದಿಂದ ಚಿಮ್ಮಿದ ಎಣ್ಣೆ ಕೆಳಗಿನ ಗ್ಯಾಸಿನ ಉರಿಗೆ ತಗಲಿತು. ಕೆಲವೇ ಗಳಿಗೆಯಲ್ಲಿ ಕರಿಯ ಹೊಗೆ ಎಲ್ಲ ಕಡೆ ತುಂಬಿತು. ಬೆಂಕಿಯ ಗಂಟೆ ಇರಲಿಲ್ಲ. ಕವಾಯತು ಎಂದೂ ನಡೆದಿರಲಿಲ್ಲ. ಟೆಲಿಫೋನಿನ ತಂತಿ ಸುಟ್ಟುಹೋದುದರಿಂದ ಯಜಮಾನನ ಮಗ ಕಾರಿನಲ್ಲಿ ಅಗ್ನಿಶಾಮಕ ಠಾಣೆಗೆ ಹೋಗಿ ಸುದ್ದಿ ಹೇಳಬೇಕಾಯಿತು. ಇಲ್ಲಿ ಏಣಿ ಮುಟ್ಟದೆ ಹೋಗುವಷ್ಟು ಎತ್ತರವೇನಿಲ್ಲ, ನೆಲದ ಮಟ್ಟದ ಕಟ್ಟಡ. ಆದರೂ 25 ಮಂದಿ ಸತ್ತರು, 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು. ಬೆಂಕಿಗಿಂತ ಹೊಗೆಗೆ ಸಿಕ್ಕಿ ಸತ್ತವರು. ಬೀಗ ಹಾಕಿದ್ದ ಬಾಗಿಲೊಂದರ ಒಳಮೈಯಲ್ಲಿ, ಅದನ್ನು ಒದ್ದು ತೆರೆಯಲು ನೋಡಿದವರ ಹೆಜ್ಜೆಯ ಗುರುತುಗಳು ಕಂಡುಬಂದುವು.

ಯಜಮಾನ ಎಮ್ಮೆಟ್ ರೋ ತಪ್ಪೊಪ್ಪಿಕೊಂಡನು. 20 ವರ್ಷಕ್ಕೆ ಒಂದು ತಿಂಗಳು ಕಡಿಮೆ ಶಿಕ್ಷೆಯಾಯಿತು. ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದು ಹೊರಬಂದನು. 1911ರ ಯಜಮಾನರಿಗೆ ಹೋಲಿಸಿದರೆ ಇದು ಕಾನೂನಿನ ಮುನ್ನಡೆಯೆಂದೇ ಹೇಳಬೇಕು. ಕೇಂದ್ರದ ಅಧಿಕಾರಿಗಳು ಆ ರಾಜ್ಯದ ಕೆಲಸದಲ್ಲಿ ಕೈಹಾಕಿದರು. ರಾಜ್ಯವೂ ಮರುವರ್ಷ ಹೊಸ ಕಾಯಿದೆಗಳನ್ನು ಮಾಡಿತು, ಇನ್‌ಸ್ಪೆಕ್ಟರುಗಳ ಸಂಖ್ಯೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು, ದೂರು ಕೊಟ್ಟ ಕೆಲಸಗಾರನನ್ನು ತೆಗೆದುಹಾಕಕೂಡದೆಂದು ವಿಧಿಸಿತು. ಈ ಕೊನೆಯದು ಮುಖ್ಯ. ಹ್ಯಾಮ್ಲೆಟ್ಟಿನ ಬಾಗಿಲುಗಳ ವಿಚಾರ ಒಳಗೆ ದುಡಿಯುವವರಿಗೆಲ್ಲ ತಿಳಿದೇ ಇತ್ತು. ಊರಿನಲ್ಲಿ ಬೇರೆ ಕೆಲಸ ಸಿಕ್ಕುವುದು ಕಷ್ಟವಾದ್ದರಿಂದ ಹೇಳುವ ಧೈರ್ಯ ಯಾರಿಗಿದ್ದೀತು?

ಆ ಕಾರ್ಖಾನೆ ಮತ್ತೆ ತೆರೆಯಲಿಲ್ಲ. ನ್ಯೂಯಾರ್ಕಿನ ಆಶ್ ಕಟ್ಟಡ ಮಾತ್ರ ಹೆಸರು ಬದಲಾಯಿಸಿಕೊಂಡು, ಅಂದು ತಾರಸಿಯಿಂದ ಏಣಿ ಇಳಿಬಿಟ್ಟ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹುಡುಗಿಯರು ಹೊಲಿಯುತ್ತಿದ್ದ ಮಹಡಿಗಳಲ್ಲಿ ಈಗ ವಿಜ್ಞಾನದ ಪಾಠಗಳು ನಡೆಯುತ್ತವೆ. 2023ರ ಅಕ್ಟೋಬರಿನಲ್ಲಿ ಅದರ ಹೊರಗೋಡೆಗೆ ಉಕ್ಕಿನ ಪಟ್ಟಿಯೊಂದನ್ನು ಕಟ್ಟಿ, 146 ಹೆಸರುಗಳನ್ನೂ ಕೊರೆದರು. 2011ರವರೆಗೆ ಹೆಸರಿಲ್ಲದಿದ್ದ ಆ ಆರು ಮಂದಿಯೂ ಅದರಲ್ಲಿ ಸೇರಿದ್ದಾರೆ.